ಯಂತ್ರಸಂಯೋಜನ ಮಾನಕಗಳ ಲೋಕಪ್ರಸಾರ: ಫೈರ್‌ವೈರ್ ಮತ್ತು ಯು. ಎಸ್. ಬಿ. ಗಳ ವಿಚಾರ

ಗಣಕಯಂತ್ರಕ್ಕೂ ಅದರ ಪರಿವಾರವೆನ್ನಬಹುದಾದ ಕೀಬೋರ್ಡು, ಪ್ರಿಂಟರು, ಕ್ಯಾಮರಾ, ಡಿಸ್ಕು ಮೊದಲಾದ ಉಪಕರಣಗಳಿಗೂ ಸಂಬಂಧವನ್ನು ಕಲ್ಪಿಸುವ ತಂತಿಯ ವಿಷಯವಾಗಿ ಈ ಪತ್ರಿಕೆಯಲ್ಲಿ ಲೇಖನವನ್ನು ಬರೆಯುವುದು ಅಪ್ರಸ್ತುತವೆಂದು ಕೆಲವರಿಗೆ ತೋರಬಹುದು. ಆದರೆ ಕಳೆದ ಶತಮಾನದ ಕೊನೆಯಲ್ಲಿಯೂ ಈ ಶತಮಾನದ ಮೊದಲ ದಶಕದಲ್ಲಿಯೂ ನಮ್ಮ ನಾಡಿನಲ್ಲಿ ನಡೆದ ಎಷ್ಟೋ ಉಪನ್ಯಾಸಗಳು, ಗಮಕವಾಚನಗಳು, ತಾಳಮದ್ದಳೆಗಳು ಇಂದಿಗೆ ಉಳಿದಿರುವುದು ಓಲೆಯಲ್ಲಿಯೂ ಅಲ್ಲ, ಕಾಗದದಲ್ಲಿಯೂ ಅಲ್ಲ. ಅಂಗೈಯೊಳಗೆ ಅಡಗುವಷ್ಟು ಚಿಕ್ಕದಾದ ‘ಮಿನಿ ಡಿ. ವಿ.’ ಕ್ಯಾಸೆಟ್ಟುಗಳಲ್ಲಿ. ಅವುಗಳೊಳಗಿನ ಚಿತ್ರವನ್ನೂ ಧ್ವನಿಯನ್ನೂ ನಷ್ಟವಿಲ್ಲದೆ ಹೊರಕ್ಕೆ ತರುವ ದ್ವಾರವು ‘ಫೈರ್‌ವೈರ್’ ಎಂಬ ಒಂದು ಸಂಯೋಜನಕ್ರಮವಾಗಿದೆ. ಆ ದ್ವಾರವು ಈಗ ಅಂಗಡಿಯಲ್ಲಿ ದೊರೆಯುವ ಸಾಮಾನ್ಯ ಯಂತ್ರಗಳಲ್ಲಿ ಇಲ್ಲ. ಅದೇ ಕಾಲದಲ್ಲಿ ಹುಟ್ಟಿ, ವೇಗದಲ್ಲಿ ಅದಕ್ಕಿಂತ ಬಹಳ ಕೆಳಗಿದ್ದ ‘ಯು. ಎಸ್. ಬಿ.’ ಎಂಬುದಾದರೋ ಇಂದು ಮನೆಮನೆಯ ಗೋಡೆಯಲ್ಲಿಯೂ ಬಾಯಿ ತೆರೆದು ನಿಂತಿದೆ. ಗುಣದಲ್ಲಿ ಹಿರಿದಾದುದು ಹಿಂದಾಗಿ ಕಿರಿದಾದುದು ಮುಂದಾದುದಕ್ಕೆ ಕಾರಣವೇನೆಂಬುದೇ ಪ್ರಕೃತ ವಿಚಾರ.

ಮೊದಲು ಪರಿಭಾಷೆಯ ಮಾತು. ‘ಸ್ಟ್ಯಾಂಡರ್ಡ್’ ಎಂಬುದಕ್ಕೆ ‘ಮಾನಕ’ವೆಂಬ ಶಬ್ದವು ಈಗ ಬಳಕೆಗೆ ಬಂದಿದೆ. ‘ಪ್ರಮಾಣ’ವೆಂದರೆ ಸಾಲದೆ ಎಂದು ಕೇಳುವವರುಂಟು. ಪ್ರಮಾಣವು ಯಥಾರ್ಥಜ್ಞಾನಕ್ಕೆ ಕರಣವಾದುದು. ಇಲ್ಲಿರುವುದು ಜ್ಞಾನದ ಮಾತಲ್ಲ, ಒಡಂಬಡಿಕೆಯ ಮಾತು. ಇಷ್ಟು ತಂತಿಗಳು, ಇಷ್ಟು ವೋಲ್ಟು, ಇಂಥ ಆಕಾರದ ಬಾಯಿ, ಇಂಥ ಕ್ರಮದಲ್ಲಿ ಪ್ರಶ್ನೋತ್ತರ ಎಂದು ಅನೇಕ ತಯಾರಕರು ಕೂಡಿ ಒಪ್ಪಿ ಬರೆದಿಟ್ಟ ಸಂಕೇತವೇ ಮಾನಕ. ಶಬ್ದಕ್ಕೂ ಅರ್ಥಕ್ಕೂ ಇರುವ ಸಂಬಂಧವು ಸಂಕೇತದಿಂದ ಉಂಟಾದುದೆಂದು ನೈಯಾಯಿಕರು ಹೇಳುವರಷ್ಟೆ. ಅದನ್ನೇ ಇಲ್ಲಿಯೂ ತಿಳಿಯತಕ್ಕದ್ದು. ಮೀಮಾಂಸಕರು ಹೇಳುವ ನಿತ್ಯತ್ವವು ಇದಕ್ಕೆ ಸರ್ವಥಾ ಇಲ್ಲವೆಂಬುದು ಮುಂದೆ ಗೊತ್ತಾಗುವುದು.

1990ರ ದಶಕದ ಮಧ್ಯಭಾಗದವರೆಗೆ ಗಣಕಯಂತ್ರದ ಹಿಂಬದಿಯನ್ನು ನೋಡಿದವರಿಗೆ ಅಲ್ಲಿದ್ದ ಬಾಯಿಗಳ ವೈವಿಧ್ಯವು ನೆನಪಿರಬಹುದು. ಪ್ರಿಂಟರಿಗೆ ಅಗಲವಾದ ಪ್ಯಾರಲಲ್ ಪೋರ್ಟು, ಮೋಡೆಮಿಗೆ ಸೀರಿಯಲ್ ಪೋರ್ಟು, ಕೀಬೋರ್ಡಿಗೂ ಮೌಸಿಗೂ ದುಂಡಾದ ಬೇರೆ ಎರಡು ರಂಧ್ರಗಳು, ಹೊರಗಿನ ಡಿಸ್ಕಿಗೆ ‘ಸ್ಕಸಿ’ ಎಂಬ ದಪ್ಪ ಕೇಬಲ್ಲು. ಹೊಸ ಉಪಕರಣವನ್ನು ಸೇರಿಸಬೇಕಾದರೆ ಅನೇಕ ವೇಳೆ ಯಂತ್ರವನ್ನು ಆರಿಸಿ ಮತ್ತೆ ಹೊತ್ತಿಸಬೇಕಾಗುತ್ತಿತ್ತು. ಈ ಕಷ್ಟವನ್ನು ನಿವಾರಿಸಲು ಹೊರಟ ಪ್ರಯತ್ನಗಳಲ್ಲಿ ಎರಡು ಮುಖ್ಯವಾದುವು.

ಮೊದಲನೆಯದು ಫೈರ್‌ವೈರ್. ಇದರ ಕೆಲಸವು ಅಮೆರಿಕದ ಆಪಲ್ ಕಂಪನಿಯಲ್ಲಿ 1980ರ ದಶಕದಲ್ಲಿ ಆರಂಭವಾಯಿತು. ಸೋನಿ, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಮೊದಲಾದ ಕಂಪನಿಗಳೂ ಕೈಗೂಡಿಸಿದ ಮೇಲೆ, 1995ರಲ್ಲಿ ಐ. ಇ. ಇ. ಇ. ಎಂಬ ವಿದ್ಯುದಭಿಯಂತೃಗಳ ಸಂಸ್ಥೆಯು ಇದನ್ನು 1394ನೆಯ ಸಂಖ್ಯೆಯ ಮಾನಕವಾಗಿ ಅಂಗೀಕರಿಸಿತು. ಆಪಲ್ ಇದನ್ನು ಫೈರ್‌ವೈರ್ ಎಂದೂ ಸೋನಿಯು ‘ಐ. ಲಿಂಕ್’ ಎಂದೂ ಕರೆದುವು. ಸೆಕೆಂಡಿಗೆ 400 ಮೆಗಾಬಿಟ್‌ಗಳವರೆಗೆ ಇದರ ವೇಗ. ಒಂದೇ ಸರಣಿಯಲ್ಲಿ 63 ಉಪಕರಣಗಳು ಸೇರಬಹುದು. ಅದೇ ವರ್ಷ ಸೋನಿಯು ಮಾರುಕಟ್ಟೆಗೆ ತಂದ ಡಿ. ಸಿ. ಆರ್.–ವಿ. ಎಕ್ಸ್. 1000 ಎಂಬ ವೀಡಿಯೋ ಕ್ಯಾಮರಾದಲ್ಲಿ ಈ ದ್ವಾರವಿತ್ತು. ಡಿ. ವಿ. ಕ್ರಮದಲ್ಲಿ ಚಿತ್ರವೊಂದಕ್ಕೇ ಸೆಕೆಂಡಿಗೆ 25 ಮೆಗಾಬಿಟ್‌ಗಳು ಬೇಕು ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಎರಡನೆಯದು ಯು. ಎಸ್. ಬಿ. ಇದರ ಮೊದಲ ಆವೃತ್ತಿಯು 1996ನೆಯ ಜನವರಿಯಲ್ಲಿ ಪ್ರಕಟವಾಯಿತು. ಇಂಟೆಲ್, ಮೈಕ್ರೊಸಾಫ್ಟ್, ಐ. ಬಿ. ಎಂ., ಕಾಂಪ್ಯಾಕ್, ಡಿಜಿಟಲ್, ಎನ್. ಇ. ಸಿ., ನಾರ್ದರ್ನ್ ಟೆಲಿಕಾಂ ಎಂಬ ಏಳು ಕಂಪನಿಗಳು ಇದರ ಪ್ರವರ್ತಕರು. ಇಂಟೆಲ್ಲಿನಲ್ಲಿ ಇದರ ಕಾರ್ಯದ ಮುಂದಾಳಾಗಿದ್ದ ಅಜಯ್ ಭಟ್ಟರು ಬಡೋದೆಯ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾನಿಲಯದಲ್ಲಿ ಓದಿದವರೆಂಬುದು ನಮಗೆ ಸಂತೋಷಕರವಾದ ಸಂಗತಿ. ಇದರ ವೇಗಗಳು ಎರಡು: 1.5 ಮೆಗಾಬಿಟ್ ಮತ್ತು 12 ಮೆಗಾಬಿಟ್. ಎಂದರೆ ಫೈರ್‌ವೈರಿನ ಮೂವತ್ತಮೂರನೆಯ ಒಂದು ಭಾಗ ಮಾತ್ರ. ಮೇಲೆ ಹೇಳಿದ ಡಿ. ವಿ. ಚಿತ್ರವು ಇದರಲ್ಲಿ ಹಾಯಲಾರದು.

ಇವೆರಡರ ಭೇದವು ವೇಗದಲ್ಲಿ ಮಾತ್ರ ಇದ್ದುದಲ್ಲ. ಸಂಭಾಷಣೆಯ ಕ್ರಮದಲ್ಲಿಯೇ ಇತ್ತು. ಯು. ಎಸ್. ಬಿ. ಯಲ್ಲಿ ಗಣಕಯಂತ್ರವು ಗುರುವಿನ ಸ್ಥಾನದಲ್ಲಿರುವುದು. ಉಪಕರಣಗಳು ಕೇಳಿದಾಗ ಮಾತ್ರ ಉತ್ತರ ಕೊಡತಕ್ಕ ಶಿಷ್ಯರು. ಮೌಸು ತಾನಾಗಿ ಬಾಯಿ ತೆರೆಯುವಂತಿಲ್ಲ, ‘ನೀನು ಅಲುಗಿದೆಯಾ?’ ಎಂದು ಯಂತ್ರವು ಮತ್ತೆ ಮತ್ತೆ ಕೇಳುತ್ತಿರುವುದು, ಮೌಸು ಹೌದೆಂದೋ ಅಲ್ಲವೆಂದೋ ಹೇಳುವುದು. ಇಬ್ಬರು ಶಿಷ್ಯರು ತಮ್ಮತಮ್ಮೊಳಗೆ ಮಾತನಾಡುವಂತಿಲ್ಲ. ಫೈರ್‌ವೈರಾದರೋ ವಿದ್ವತ್ಸಭೆ; ಅಲ್ಲಿ ಯಾವನು ಬೇಕಾದರೂ ಯಾವನನ್ನು ಬೇಕಾದರೂ ಸಂಬೋಧಿಸಬಹುದು. ಎರಡು ಕ್ಯಾಮರಾಗಳನ್ನು ನಡುವೆ ಗಣಕಯಂತ್ರವೇ ಇಲ್ಲದೆ ಸೇರಿಸಿ ಒಂದರಿಂದ ಇನ್ನೊಂದಕ್ಕೆ ಪ್ರತಿ ತೆಗೆಯಬಹುದಾಗಿತ್ತು. ಇಷ್ಟೇ ಅಲ್ಲದೆ, ಇಂತಿಷ್ಟು ಕಾಲಕ್ಕೆ ಇಂತಿಷ್ಟು ದತ್ತಾಂಶವು ತಪ್ಪದೆ ಸಾಗುವುದೆಂಬ ಭರವಸೆಯೂ ಆ ಕ್ರಮದಲ್ಲಿ ಬಲವಾಗಿತ್ತು. ಚಲಿಸುವ ಚಿತ್ರಕ್ಕೆ ಇದು ಅವಶ್ಯಕ. ಆರು ತಂತಿಯ ಕೇಬಲ್ಲಿನಲ್ಲಿ ಒಂದು ಡಿಸ್ಕನ್ನು ತಿರುಗಿಸುವಷ್ಟು ವಿದ್ಯುಚ್ಛಕ್ತಿಯೂ ಹರಿಯುತ್ತಿತ್ತು.

ಆದರೆ ಸಭೆಯಲ್ಲಿ ಮಾತನಾಡಬೇಕಾದರೆ ಪ್ರತಿಯೊಬ್ಬನಿಗೂ ಪಾಂಡಿತ್ಯವಿರಬೇಕು. ಫೈರ್‌ವೈರಿನ ಪ್ರತಿಯೊಂದು ಉಪಕರಣದಲ್ಲಿಯೂ ಸಭಾಮರ್ಯಾದೆಯನ್ನು ತಿಳಿದ ಚಿಪ್ ಇರಬೇಕಾಗಿತ್ತು, ಅದಕ್ಕೆ ಬೆಲೆ ತೆರಬೇಕಾಗಿತ್ತು. ಯು. ಎಸ್. ಬಿ. ಯ ಶಿಷ್ಯನಿಗೆ ಅಷ್ಟು ವ್ಯುತ್ಪತ್ತಿ ಬೇಡ. ಬುದ್ಧಿಯ ಭಾರವೆಲ್ಲವೂ ಗಣಕಯಂತ್ರದ ಮೇಲೆ. ಅಲ್ಲಿ ಆ ಬುದ್ಧಿಯು ಹೇಗೂ ಮೊದಲೇ ಇದೆ. ಹತ್ತು ಡಾಲರಿನ ಮೌಸಿಗೆ ಎರಡನೆಯ ಕ್ರಮವೇ ತಕ್ಕದ್ದು. ಸಾವಿರ ಡಾಲರಿನ ಕ್ಯಾಮರಾಕ್ಕೆ ಮೊದಲನೆಯದು ಹೊರೆಯಾಗಲಿಲ್ಲ. ಲೋಕದಲ್ಲಿ ಮೌಸುಗಳ ಸಂಖ್ಯೆ ಹೆಚ್ಚೋ ಕ್ಯಾಮರಾಗಳ ಸಂಖ್ಯೆ ಹೆಚ್ಚೋ ಎಂಬುದನ್ನು ವಾಚಕರೇ ಊಹಿಸಬಹುದು. ಭಟ್ಟರು 2019ರಲ್ಲಿ ಹೇಳಿದ ಒಂದು ಮಾತು ಇಲ್ಲಿ ಗಮನಾರ್ಹ: ಪ್ಲಗ್ಗನ್ನು ಯಾವ ಮಗ್ಗುಲಿನಿಂದಾದರೂ ತೂರಿಸುವಂತೆ ಮಾಡಿದ್ದರೆ ತಂತಿಗಳೂ ಖರ್ಚೂ ಇಮ್ಮಡಿಯಾಗುತ್ತಿದ್ದುವು, ಆದುದರಿಂದ ಹಾಗೆ ಮಾಡಲಿಲ್ಲವಂತೆ. ಒಂದು ಸಲ ತೂರಿಸಿ, ಸೇರದೆ, ತಿರುಗಿಸಿ, ಮತ್ತೆ ಸೇರದೆ, ಮೂರನೆಯ ಸಲ ಮೊದಲಿನಂತೆಯೇ ತೂರಿಸಿ ಸಫಲರಾದವರೆಲ್ಲರೂ ಆ ಮಿತವ್ಯಯಕ್ಕೆ ತಮ್ಮ ಪಾಲನ್ನು ಸಲ್ಲಿಸಿದವರೇ.

ಇಲ್ಲಿ ಪೂರ್ವಪಕ್ಷವೊಂದುಂಟು. ಫೈರ್‌ವೈರಿನ ಅವನತಿಗೆ ಆಪಲ್ ಕಂಪನಿಯ ಲೋಭವೇ ಕಾರಣ ಎಂಬುದು ಬಹುಜನರ ಮತ. 1999ರ ಆದಿಭಾಗದ ವೇಳೆಗೆ ಆಪಲ್ ತನ್ನ ಪೇಟೆಂಟುಗಳಿಗಾಗಿ ಒಂದೊಂದು ಪೋರ್ಟಿಗೂ ಒಂದು ಡಾಲರಿನಂತೆ ರಾಜಧನವನ್ನು ಕೇಳಿತೆಂಬುದು ನಿಜ. ಯು. ಎಸ್. ಬಿ. ಯ ಪ್ರವರ್ತಕರು ಹೀಗೆ ಕೇಳಲಿಲ್ಲವೆಂಬುದೂ ನಿಜ. ಆದರೆ ಅದೇ ವರ್ಷ ಪೇಟೆಂಟುಳ್ಳ ಕಂಪನಿಗಳೆಲ್ಲವೂ ಕೂಡಿ, ಒಂದು ಉಪಕರಣದಲ್ಲಿ ಎಷ್ಟು ಪೋರ್ಟುಗಳಿದ್ದರೂ ಒಟ್ಟಿಗೆ 25 ಸೆಂಟುಗಳೆಂದು ಇಳಿಸಿದುವು. ಇಳಿಸಿದ ಮೇಲೆಯೂ ಅದು ಯು. ಎಸ್. ಬಿ. ಯಷ್ಟು ಪ್ರಸಾರವಾಗಲಿಲ್ಲ. ಕಾರಣವು ಹೋದ ಮೇಲೂ ಕಾರ್ಯವು ನಿಂತಿದ್ದರೆ ಅದನ್ನೇ ಮುಖ್ಯಕಾರಣವೆನ್ನುವುದು ಹೇಗೆ? ಒಮ್ಮೆ ಮುರಿದ ವಿಶ್ವಾಸವು ಮತ್ತೆ ಕೂಡಲಿಲ್ಲವೆಂದು ಪೂರ್ವಪಕ್ಷಿಯು ಹೇಳಬಹುದು. ಹಾಗಾದರೆ ಟೆಲಿವಿಷನ್ನಿನ ಕಡೆಗೆ ನೋಡೋಣ. 2002ನೆಯ ಡಿಸೆಂಬರಿನಲ್ಲಿ ಪ್ರಕಟವಾದ ‘ಎಚ್. ಡಿ. ಎಂ. ಐ.’ ಎಂಬ ಮಾನಕವು ತಯಾರಕರಿಂದ ವಾರ್ಷಿಕ ಶುಲ್ಕವನ್ನೂ ಉಪಕರಣವೊಂದಕ್ಕೆ ಇಷ್ಟೆಂದು ರಾಜಧನವನ್ನೂ ತೆಗೆದುಕೊಳ್ಳುತ್ತಲೇ ಲೋಕದ ಟೆಲಿವಿಷನ್ನುಗಳನ್ನೆಲ್ಲ ವ್ಯಾಪಿಸಿತು. ಫೈರ್‌ವೈರಿಗಾದರೋ ಅಲ್ಲಿ ಸರ್ಕಾರದ ಬೆಂಬಲವೇ ಇತ್ತು: ಅಮೆರಿಕದ ಸಂಪರ್ಕ ಆಯೋಗವು 2003ರಲ್ಲಿ ಹೊರಡಿಸಿದ ಆಜ್ಞೆಯ ಪ್ರಕಾರ, ಕೇಬಲ್ ಟೆಲಿವಿಷನ್ ಕಂಪನಿಗಳು 2004ನೆಯ ಏಪ್ರಿಲಿನಿಂದ, ಗಿರಾಕಿಗಳು ಕೇಳಿದರೆ, ಫೈರ್‌ವೈರುಳ್ಳ ಪೆಟ್ಟಿಗೆಯನ್ನು ಒದಗಿಸಬೇಕಾಗಿತ್ತು. ಕೇಳುವ ಗಿರಾಕಿಗಳು ವಿರಳರಾದರು. ಚಲನಚಿತ್ರದ ಕಂಪನಿಗಳಿಗೆ ಪ್ರತಿ ತೆಗೆಯಲು ಸುಲಭವಾದ ದ್ವಾರವು ಇಷ್ಟವಾಗಲಿಲ್ಲ, ಎಚ್. ಡಿ. ಎಂ. ಐ. ಯು ಪ್ರತಿಬಂಧಕ ಬೀಗವನ್ನು ಜೊತೆಯಲ್ಲಿಯೇ ತಂದಿತು. ಆದಕಾರಣ ರಾಜಧನವು ಸಹಕಾರಿಕಾರಣವಿರಬಹುದೇ ಹೊರತು ಮುಖ್ಯಕಾರಣವಲ್ಲವೆಂದು ನನ್ನ ಅಭಿಪ್ರಾಯ.

ಮುಖ್ಯಕಾರಣವು ಬೇರೊಂದಿದೆ. ಸಂಯೋಜನ ಮಾನಕಗಳಲ್ಲಿ ಬೀಜಾಂಕುರನ್ಯಾಯವು ಯಾವಾಗಲೂ ಅಡ್ಡಬರುವುದು. ಪೋರ್ಟಿಲ್ಲದೆ ಉಪಕರಣವನ್ನು ಯಾರೂ ಮಾಡರು. ಉಪಕರಣವಿಲ್ಲದೆ ಪೋರ್ಟನ್ನು ಯಾರೂ ಇಡರು. ಈ ಚಕ್ರವನ್ನು ಮುರಿಯಬೇಕಾದರೆ ಒಂದು ಕಡೆಯವರು ಲಾಭದ ನಿರೀಕ್ಷೆಯಿಲ್ಲದೆ ಮೊದಲ ಹೆಜ್ಜೆಯನ್ನಿಡಬೇಕು. ಬಹುಸಂಖ್ಯೆಯ ಗಣಕಯಂತ್ರಗಳಿಗೆ ಹೃದಯಪ್ರಾಯವಾದ ಚಿಪ್‌ಗಳನ್ನು ಮಾರುತ್ತಿದ್ದ ಇಂಟೆಲ್, 1996ರಿಂದಲೇ ಯು. ಎಸ್. ಬಿ. ಯನ್ನು ತನ್ನ ಸಹಾಯಕ ಚಿಪ್‌ನೊಳಗೆ ಸೇರಿಸಿಬಿಟ್ಟಿತು. ಗಣಕಯಂತ್ರವನ್ನು ಜೋಡಿಸುವವನಿಗೆ ಅದು ಬೇಕೋ ಬೇಡವೋ ಎಂಬ ಪ್ರಶ್ನೆಯೇ ಉಳಿಯಲಿಲ್ಲ; ಕೊಂಡ ಚಿಪ್‌ನೊಂದಿಗೆ ಅದು ಬಂದೇ ಬರುತ್ತಿತ್ತು. ಫೈರ್‌ವೈರಿಗೆ ಈ ಆಸನವು ದೊರೆಯಲಿಲ್ಲ. ಅದು ಬೇಕೆಂದವರು ಪ್ರತ್ಯೇಕವಾದ ಇನ್ನೊಂದು ಚಿಪ್ಪನ್ನು ಕೊಂಡು ಸೇರಿಸಬೇಕಾಗಿತ್ತು. ಆಪಲ್ ರಾಜಧನವನ್ನು ಕೇಳಿದ್ದರಿಂದಲೇ ಇಂಟೆಲ್ ಬೆನ್ನು ತಿರುಗಿಸಿತೆಂದು ಹೇಳುವವರು, ಯು. ಎಸ್. ಬಿ. ಗೆ ಆಸನ ದೊರೆತದ್ದು 1996ರಲ್ಲಿ, ಡಾಲರಿನ ಮಾತು ಎದ್ದದ್ದು ಅದಕ್ಕೆ ಎರಡು ಮೂರು ವರ್ಷಗಳ ತರುವಾಯ ಎಂಬ ಪೌರ್ವಾಪರ್ಯವನ್ನು ಗಮನಿಸಿದಂತೆ ಕಾಣುವುದಿಲ್ಲ.

ಆಸನ ದೊರೆತ ಮಾತ್ರಕ್ಕೆ ಅಧಿಕಾರವು ಬಂದಿತೆಂದಲ್ಲ. 1996, 1997ರಲ್ಲಿ ಯು. ಎಸ್. ಬಿ. ಪೋರ್ಟು ಕೂಸು ಹುಟ್ಟುವ ಮುಂಚೆ ಹೊಲಿಸಿದ ಕುಲಾವಿಯಂತೆ ಯಂತ್ರಗಳ ಹಿಂದೆ ಬರಿದಾಗಿಯೇ ಇತ್ತು. ವಿಂಡೋಸ್ 95ರಲ್ಲಿ ಅದಕ್ಕೆ ಸರಿಯಾದ ಆಸರೆಯಿರಲಿಲ್ಲ. 1998ನೆಯ ಏಪ್ರಿಲಿನಲ್ಲಿ ಬಿಲ್ ಗೇಟ್ಸರು ಇನ್ನೂ ಹೊರಬರದಿದ್ದ ವಿಂಡೋಸ್ 98ನ್ನು ಮಹಾಸಭೆಯಲ್ಲಿ ಪ್ರದರ್ಶಿಸುತ್ತಿದ್ದಾಗ, ಸಹಾಯಕನು ಒಂದು ಸ್ಕ್ಯಾನರಿನ ಯು. ಎಸ್. ಬಿ. ತಂತಿಯನ್ನು ತೂರಿಸಿದೊಡನೆಯೇ ಯಂತ್ರವು ಸ್ತಬ್ಧವಾಗಿ ಪರದೆಯೆಲ್ಲ ನೀಲಿಯಾಯಿತು. ಸಭೆಯು ನಕ್ಕಿತು, ಇದಕ್ಕಾಗಿಯೇ ಇದನ್ನು ಇನ್ನೂ ಮಾರಾಟಕ್ಕೆ ಬಿಟ್ಟಿಲ್ಲವೆಂಬ ಅರ್ಥದ ಮಾತನ್ನು ಹೇಳಿ ಗೇಟ್ಸರು ಪಾರಾದರು. ಅದೇ ವರ್ಷದ ಆಗಸ್ಟಿನಲ್ಲಿ ಬಂದ ಐಮ್ಯಾಕ್ ಎಂಬ ಗಣಕಯಂತ್ರವು ಸ್ಥಿತಿಯನ್ನು ಬದಲಾಯಿಸಿತು. ಅದರಲ್ಲಿ ಹಳೆಯ ಸೀರಿಯಲ್ ಪೋರ್ಟೂ ಇಲ್ಲ, ಸ್ಕಸಿಯೂ ಇಲ್ಲ, ಫ್ಲಾಪಿಯೂ ಇಲ್ಲ. ಕೀಬೋರ್ಡಿಗೂ ಪ್ರಿಂಟರಿಗೂ ಯು. ಎಸ್. ಬಿ. ಯೊಂದೇ ಗತಿ. ಬೇರೆ ದಾರಿಯಿಲ್ಲದುದರಿಂದ ಉಪಕರಣಗಳ ತಯಾರಕರು ಯು. ಎಸ್. ಬಿ. ಗೆ ತಿರುಗಿದರು; ಹಾಗೆ ಮಾಡಿದ ಪ್ರಿಂಟರು ಆಸರೆಯುಳ್ಳ ವಿಂಡೋಸ್ ಯಂತ್ರಕ್ಕೂ ಒದಗಿತು. ಈ ಐಮ್ಯಾಕನ್ನು ಮಾಡಿದವರಾರು? ಫೈರ್‌ವೈರನ್ನು ಹೆತ್ತ ಆಪಲ್ ಕಂಪನಿಯೇ! ತನ್ನ ಸ್ವಂತ ಮಾನಕಕ್ಕೆ ಅದು ಮ್ಯಾಕ್ ಯಂತ್ರದೊಳಗೆ ಸಹಜಸ್ಥಾನವನ್ನು ಕೊಟ್ಟದ್ದು 1999ನೆಯ ಜನವರಿಯಲ್ಲಿ.

ಐಪಾಡಿನ ಚರಿತ್ರೆಯೂ ಇದನ್ನೇ ಹೇಳುವುದು. 2001ನೆಯ ಅಕ್ಟೋಬರಿನಲ್ಲಿ ಹೊರಬಂದ ಆ ಸಂಗೀತದ ಪೆಟ್ಟಿಗೆಗೆ ಫೈರ್‌ವೈರ್ ಒಂದೇ ದ್ವಾರವಾಗಿತ್ತು. 5 ಗಿಗಾಬೈಟ್ ಹಾಡುಗಳನ್ನು 12 ಮೆಗಾಬಿಟ್ ವೇಗದಲ್ಲಿ ತುಂಬಲು ಬರಿಯ ಲೆಕ್ಕದ ಪ್ರಕಾರವೇ ಐವತ್ತೈದು ನಿಮಿಷಗಳು ಹಿಡಿಯುವುವು. ಆಚರಣೆಯಲ್ಲಿ ಇನ್ನೂ ಹೆಚ್ಚು. 400 ಮೆಗಾಬಿಟ್ ವೇಗದಲ್ಲಿ ಲೆಕ್ಕವು ಎರಡು ನಿಮಿಷಗಳೊಳಗೆ ಮುಗಿಯುವುದು. ಆದರೆ ಗಿರಾಕಿಗಳಲ್ಲಿ ಹೆಚ್ಚು ಮಂದಿಯ ಬಳಿ ಇದ್ದುದು ಫೈರ್‌ವೈರಿಲ್ಲದ ವಿಂಡೋಸ್ ಯಂತ್ರ. 2003ರಲ್ಲಿ ಐಪಾಡು ಯು. ಎಸ್. ಬಿ. ಯನ್ನೂ ಒಪ್ಪಿಕೊಂಡಿತು, 2005ರಲ್ಲಿ ಬಂದ ಹೊಸ ಐಪಾಡುಗಳಿಗೆ ಹಾಡು ತುಂಬಲು ಯು. ಎಸ್. ಬಿ. ಯೊಂದೇ ಉಳಿಯಿತು.

ಈ ನಡುವೆ 2000ನೆಯ ಏಪ್ರಿಲಿನಲ್ಲಿ ಯು. ಎಸ್. ಬಿ. ಯ ಎರಡನೆಯ ಆವೃತ್ತಿಯು 480 ಮೆಗಾಬಿಟ್ ವೇಗದೊಡನೆ ಪ್ರಕಟವಾಗಿತ್ತು. 480 ಎಂಬುದು 400ಕ್ಕಿಂತ ದೊಡ್ಡ ಸಂಖ್ಯೆ. ಪೆಟ್ಟಿಗೆಯ ಮೇಲೆ ಅಚ್ಚಾದ ಸಂಖ್ಯೆಯನ್ನು ನೋಡಿ ಕೊಳ್ಳುವವನಿಗೆ ಅಷ್ಟು ಸಾಕು. ಗುರುಶಿಷ್ಯ ಪ್ರಶ್ನೋತ್ತರದಲ್ಲಿ ಕಾಲವ್ಯಯವಾಗುವುದರಿಂದ ದೊಡ್ಡ ಕಡತಗಳನ್ನು ಸಾಗಿಸುವಾಗ ಫೈರ್‌ವೈರೇ ಸಾಮಾನ್ಯವಾಗಿ ಮುಂದಿರುತ್ತಿತ್ತು. ಆದರೆ ಇದನ್ನು ಬಲ್ಲವರು ಚಲನಚಿತ್ರದ, ಧ್ವನಿಮುದ್ರಣದ ವೃತ್ತಿಯವರು ಮಾತ್ರ. ಹೊಸ ಪೋರ್ಟಿನಲ್ಲಿ ಹಳೆಯ ಮೌಸೂ ನಡೆಯುತ್ತಿದ್ದುದು ಸಾಮಾನ್ಯರಿಗೆ ಸಂಖ್ಯೆಗಿಂತಲೂ ಹೆಚ್ಚಿನ ಉಪಕಾರವಾಯಿತು. 2003ರಲ್ಲಿ ಬಂದ 800 ಮೆಗಾಬಿಟ್ ಫೈರ್‌ವೈರಿಗೆ ಪ್ಲಗ್ಗಿನ ಆಕಾರವೇ ಬೇರೆ.

ಭಾಷಾಧ್ಯಾಪಕರಿಗೆ ರುಚಿಸಬಹುದಾದ ಒಂದು ಪ್ರಾಸಂಗಿಕ ವಿಷಯವನ್ನು ಇಲ್ಲಿ ಹೇಳಬೇಕು. ಯು. ಎಸ್. ಬಿ. ಯವರು ತಮ್ಮ ವೇಗಗಳಿಗೆ ಇಟ್ಟ ಹೆಸರುಗಳ ಗೊಂದಲವು ಅದ್ಭುತವಾದುದು. 12 ಮೆಗಾಬಿಟ್‌ಗೆ ‘ಫುಲ್ ಸ್ಪೀಡ್’ ಎಂದು, ಅಂದರೆ ಪೂರ್ಣವೇಗವೆಂದು ಹೆಸರು. ಪೂರ್ಣವಾದ ಮೇಲೆ ಹೆಚ್ಚುವುದು ಹೇಗೆ? 480 ಬಂದಾಗ ಅದನ್ನು ‘ಹೈ ಸ್ಪೀಡ್’ ಎಂದರು. ಹೀಗೆ ಪೂರ್ಣಕ್ಕಿಂತ ಉನ್ನತವು ನಾಲ್ವತ್ತು ಪಾಲು ಅಧಿಕವಾಯಿತು! 2008ರಲ್ಲಿ 5 ಗಿಗಾಬಿಟ್ ವೇಗದ ಮೂರನೆಯ ಆವೃತ್ತಿ, ‘ಸೂಪರ್ ಸ್ಪೀಡ್’. ಇದರ ಹೆಸರು 3.0. 2013ರಲ್ಲಿ 10 ಗಿಗಾಬಿಟ್ ಬಂದಾಗ ಹಳೆಯ 3.0ಕ್ಕೇ ‘3.1 ಮೊದಲ ಪೀಳಿಗೆ’ ಎಂದು ನಾಮಕರಣ. 2017ರಲ್ಲಿ ಅದಕ್ಕೇ ‘3.2 ಮೊದಲ ಪೀಳಿಗೆ’ ಎಂದು ಪುನರ್ನಾಮಕರಣ. ವಸ್ತುವೊಂದೇ, ಹೆಸರು ಮೂರು. ಹೆಸರಿನಲ್ಲಿ ಸಂಖ್ಯೆಯು ಏರುತ್ತಿದ್ದರೂ ವಸ್ತುವಿನಲ್ಲಿ ಕಿಂಚಿತ್ತಾದರೂ ವೃದ್ಧಿಯಿಲ್ಲ. ಹಳೆಯ ಸರಕಿಗೆ ಹೊಸ ಚೀಟಿಯನ್ನು ಅಂಟಿಸಲು ವ್ಯಾಪಾರಿಗಳಿಗೆ ಇದು ಅನುಕೂಲವಾಯಿತೆಂಬುದರಲ್ಲಿ ಸಂದೇಹವಿಲ್ಲ. ಕಡೆಗೆ 2022ರಲ್ಲಿ ಆ ಸಂಘದವರೇ ಈ ಹೆಸರುಗಳನ್ನು ಬದಿಗಿಟ್ಟು, ಪೆಟ್ಟಿಗೆಯ ಮೇಲೆ ವೇಗವನ್ನೇ ಅಂಕಿಗಳಲ್ಲಿ ಅಚ್ಚು ಮಾಡಬೇಕೆಂದು ತಯಾರಕರಿಗೆ ಸೂಚಿಸಿದರು. ಯೋಗಾರ್ಥಕ್ಕಿಂತ ರೂಢ್ಯರ್ಥವು ಬಲವತ್ತರವೆಂಬ ಮಾತನ್ನು ನಾವು ಶಿಷ್ಯರಿಗೆ ಹೇಳುವಾಗ ‘ಪಂಕಜ’ವನ್ನು ಉದಾಹರಿಸುವುದುಂಟು, ‘ಫುಲ್ ಸ್ಪೀಡ್’ ಕೂಡ ಅದಕ್ಕೆ ಸಾಲದುದಲ್ಲ.

ಮೇಲೆ ಹೇಳಿದ ಆಸನವಾದಕ್ಕೆ ಯು. ಎಸ್. ಬಿ. ಯ ಉತ್ತರಚರಿತ್ರೆಯಲ್ಲಿಯೇ ಸಮರ್ಥನೆಯಿದೆ. ಮೂರನೆಯ ಆವೃತ್ತಿಯು 2008ರಲ್ಲಿ ಪ್ರಕಟವಾದರೂ ಇಂಟೆಲ್ ಅದನ್ನು ತನ್ನ ಸಹಾಯಕ ಚಿಪ್‌ನಲ್ಲಿ ಸೇರಿಸಿದ್ದು 2012ರಲ್ಲಿ, ಅಲ್ಲಿಯವರೆಗೆ ಎನ್. ಇ. ಸಿ. ಮೊದಲಾದವರ ಪ್ರತ್ಯೇಕ ಚಿಪ್‌ಗಳ ಆಶ್ರಯದಲ್ಲಿ ಅದು ಕುಂಟುತ್ತಲೇ ನಡೆಯಿತು. 2011ರಲ್ಲಿ ಇಂಟೆಲ್ಲೇ ಆಪಲ್ಲಿನೊಡನೆ ಹೊರತಂದ ‘ಥಂಡರ್‌ಬೋಲ್ಟ್’ ಅದಕ್ಕಿಂತ ಇಮ್ಮಡಿ ವೇಗವುಳ್ಳದ್ದಾದರೂ, ಪ್ರತ್ಯೇಕ ಚಿಪ್ಪು, ದುಬಾರಿಯಾದ ಕೇಬಲ್ಲು ಇವುಗಳಿಂದಾಗಿ ಬಹುಕಾಲ ಕೆಲವೇ ಯಂತ್ರಗಳಲ್ಲಿ ನಿಂತಿತ್ತು. 2019ರಲ್ಲಿ ಇಂಟೆಲ್ ಅದರ ಸಂಕೇತವನ್ನು ಯು. ಎಸ್. ಬಿ. ಯವರಿಗೆ ಒಪ್ಪಿಸಿತು, ಅದೇ ವರ್ಷ ಅದರ ಆಧಾರದ ಮೇಲೆ 40 ಗಿಗಾಬಿಟ್ ವೇಗದ ನಾಲ್ಕನೆಯ ಯು. ಎಸ್. ಬಿ. ಯು ರಚಿತವಾಯಿತು.

2014ರಲ್ಲಿ ಬಂದ ‘ಟೈಪ್ ಸಿ’ ಎಂಬುದು ಬಾಯಿಯ ಆಕಾರದ ಹೆಸರೇ ಹೊರತು ವೇಗದ ಹೆಸರಲ್ಲ. 2023ರ ಐಫೋನ್ 15ರಲ್ಲಿ ಆ ಬಾಯಿಯಿದ್ದರೂ ಅದರ ವೇಗವು 2000ನೆಯ ವರ್ಷದ 480 ಮೆಗಾಬಿಟ್ಟೇ. ಯೂರೋಪಿನ ಒಕ್ಕೂಟವು 2022ರ ಶಾಸನದಿಂದ, 2024ನೆಯ ಡಿಸೆಂಬರ್ 28ರಿಂದ ಅಲ್ಲಿ ಮಾರುವ ಫೋನು ಮೊದಲಾದುವುಗಳಿಗೆ ಈ ಬಾಯಿಯನ್ನು ಕಡ್ಡಾಯವಾಗಿಸಿತು. ನಮ್ಮ ಭಾರತೀಯ ಮಾನಕ ಬ್ಯೂರೋ ಸಹ ಟೈಪ್ ಸಿ ಗೆ ಒಂದು ಮಾನಕವನ್ನು ಪ್ರಕಟಿಸಿದೆ. ಅಮೆರಿಕದಲ್ಲಿ ಫೈರ್‌ವೈರಿನ ಆಜ್ಞೆಯು ವಿಫಲವಾಗಿ ಯೂರೋಪಿನ ಶಾಸನವು ಸಫಲವಾದುದೇಕೆ ಎಂದರೆ, ಇದು ಹೊರಡುವ ವೇಳೆಗೆ ಆಪಲ್ ಹೊರತು ಹೆಚ್ಚಿನ ತಯಾರಕರೆಲ್ಲರೂ ಆ ದಾರಿಯನ್ನು ಹಿಡಿದಾಗಿತ್ತು. ಪ್ರಯೋಗವನ್ನು ಅನುಸರಿಸಿದ ಸೂತ್ರವು ನಿಲ್ಲುವುದೆಂಬುದು ವೈಯಾಕರಣರಿಗೆ ಹೊಸದಲ್ಲ.

ಇನ್ನು ಆದಿಯಲ್ಲಿ ಹೇಳಿದ ಕ್ಯಾಸೆಟ್ಟುಗಳ ವಿಷಯ. ಫೈರ್‌ವೈರುಳ್ಳ ಕೊನೆಯ ಮ್ಯಾಕ್ ಯಂತ್ರದ ಮಾರಾಟವು 2016ರಲ್ಲಿ ನಿಂತಿತು. 2025ರಲ್ಲಿ ಬಂದ ಮ್ಯಾಕಿನ ಕಾರ್ಯವ್ಯವಸ್ಥೆಯಲ್ಲಿ ಫೈರ್‌ವೈರಿನ ಬೆಂಬಲವನ್ನೇ ತೆಗೆದುಹಾಕಿದ್ದಾರೆ. ಮಿನಿ ಡಿ. ವಿ. ಯಲ್ಲಿರುವುದು ಅಂಕರೂಪದ ಮುದ್ರಣ. ಕ್ಯಾಮರಾದ ಹಳದಿ, ಬಿಳಿ, ಕೆಂಪು ತಂತಿಗಳ ಮೂಲಕ ಪ್ರತಿ ತೆಗೆದರೆ ಅದು ಒಬ್ಬನು ಓದುತ್ತಿರಲು ಇನ್ನೊಬ್ಬನು ಕೇಳಿ ಬರೆದ ಪ್ರತಿಯಂತೆ, ಸ್ಖಾಲಿತ್ಯಗಳು ತಪ್ಪವು. ಫೈರ್‌ವೈರಿನ ಮೂಲಕ ತೆಗೆದರೆ ಮಾತೃಕೆಗೂ ಪ್ರತಿಗೂ ಒಂದು ಅಕ್ಷರದ ಭೇದವೂ ಇರದು. ಟೇಪು ಸವೆಯದಿದ್ದರೂ ಅದನ್ನು ತಿರುಗಿಸಬಲ್ಲ ಕ್ಯಾಮರಾಗಳು ಕೆಡುತ್ತಿವೆ, ದುರಸ್ತಿ ಮಾಡುವವರು ಕಡಮೆಯಾಗಿದ್ದಾರೆ. ಸಂಘಸಂಸ್ಥೆಗಳ ಬಳಿ ಹೀಗೆ ಉಳಿದ ಕ್ಯಾಸೆಟ್ಟುಗಳಿದ್ದರೆ, ಫೈರ್‌ವೈರುಳ್ಳ ಒಂದು ಹಳೆಯ ಯಂತ್ರವನ್ನಾಗಲಿ, ಕಾರ್ಡು ಸೇರಿಸಲು ಬರುವ ಮೇಜಿನ ಮೇಲಿನ ಗಣಕಯಂತ್ರಕ್ಕೆ 1394 ಕಾರ್ಡನ್ನಾಗಲಿ ಸಂಪಾದಿಸಿ ಆ ಕೆಲಸವನ್ನು ಈಗಲೇ ಮಾಡಿಸಬೇಕು. ಲಿನಕ್ಸ್ ವ್ಯವಸ್ಥೆಯಲ್ಲಿ ಇದಕ್ಕೆ ಇನ್ನೂ ಬೆಂಬಲವಿದೆ. ಒಂದು ತುದಿಯಲ್ಲಿ ಫೈರ್‌ವೈರಿನ ಚಿಕ್ಕ ಪ್ಲಗ್ಗೂ ಇನ್ನೊಂದು ತುದಿಯಲ್ಲಿ ಯು. ಎಸ್. ಬಿ. ಪ್ಲಗ್ಗೂ ಇರುವ ಅಗ್ಗದ ಕೇಬಲ್ಲುಗಳು ಮಾರಾಟಕ್ಕೆ ದೊರೆಯುತ್ತವೆ, ಅವನ್ನು ಕೊಳ್ಳಬಾರದು. ಎರಡು ಬಾಯಿಗಳಿಗೂ ಅವು ಸರಿಯಾಗಿ ಹೊಂದುವುವು, ಆದರೆ ಚಿತ್ರವು ಬಾರದು. ಏಕೆಂದರೆ ಸಭೆಯಲ್ಲಿ ತಾನಾಗಿ ಮಾತನಾಡುವ ಕ್ಯಾಮರಾದ ಮಾತನ್ನು, ಶಿಷ್ಯನ ಉತ್ತರವನ್ನಷ್ಟೇ ಬಲ್ಲ ಪೋರ್ಟಿಗೆ ತಿಳಿಸಿಕೊಡುವ ದುಭಾಷಿಯು ಆ ತಂತಿಯೊಳಗೆ ಇಲ್ಲ.